ಏಳು ಚಕ್ರಕ್ಕೆ ಏಳು ಗಾಂಗ್ ಬೇಕೇ?

ಗಾಂಗ್ ಎಂದರೆ ತೂಗುಹಾಕಿ ನುಡಿಸುವ ದೊಡ್ಡ ಲೋಹದ ತಟ್ಟೆ. ನಾದ ಚಿಕಿತ್ಸೆಗೆ ಅದನ್ನು ಆರಿಸುವುದು, ನುಡಿಸುವುದು, ಜೋಪಾನ ಮಾಡುವುದರ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಲ್ಲಿ ಕೆಲವು ಇಲ್ಲಿವೆ.

ಪ್ರಶ್ನೆ: ನಾನು ಯೋಗ ಶಿಕ್ಷಕಿ. ಚಕ್ರಗಳಿಗೆ ಗಾಂಗ್ ನುಡಿಸಬೇಕಾದರೆ ಒಂದೊಂದು ಚಕ್ರಕ್ಕೂ ಒಂದೊಂದು, ಹೀಗೆ ಏಳರ ಸೆಟ್ಟೇ ಬೇಕು ಎನ್ನುತ್ತಾರೆ. ಎದೆಯ ಚಕ್ರವಾದ ಅನಾಹತಕ್ಕೆ 136.1 ಹರ್ಟ್ಸ್ (ಸೆಕೆಂಡಿಗೆ ಅಷ್ಟು ಕಂಪನ) ಎಂದು ಒಬ್ಬರು, ‘ಎಫ್’ ಸ್ವರ ಎಂದು ಇನ್ನೊಬ್ಬರು ಹೇಳುತ್ತಾರೆ. ಯಾರ ಮಾತು ನಂಬಲಿ?

ಉತ್ತರ: ಸದ್ಯಕ್ಕೆ ಏಳನ್ನು ಕೊಳ್ಳಬೇಡಿ. ಒಂದೇ ಒಂದು ಒಳ್ಳೆಯ ಗಾಂಗ್ ಸಾಕು.

ನಿಮಗೆ ಸಿಕ್ಕಿರುವುದು ಎರಡು ಬೇರೆ ಬೇರೆ ಪಟ್ಟಿಗಳು. ಮೊದಲನೆಯದರ ಮೂಲ ಸ್ವಿಟ್ಜರ್ಲೆಂಡಿನ ಹಾನ್ಸ್ ಕೂಸ್ಟೊ 1978ರಲ್ಲಿ ಮುಂದಿಟ್ಟ ಲೆಕ್ಕ. ಗ್ರಹವೊಂದು ಸುತ್ತು ಮುಗಿಸಲು ತೆಗೆದುಕೊಳ್ಳುವ ಕಾಲವನ್ನು ಸೆಕೆಂಡಿಗೆ ಇಳಿಸಿ, ಒಂದನ್ನು ಅದರಿಂದ ಭಾಗಿಸಿ ಬಂದದ್ದನ್ನು ಕಿವಿಗೆ ಕೇಳುವ ಮಟ್ಟ ಬರುವವರೆಗೆ ದುಪ್ಪಟ್ಟು ಮಾಡುತ್ತಾ ಹೋಗುವುದು. ಭೂಮಿಯ ಒಂದು ದಿನ 86,400 ಸೆಕೆಂಡು. 24 ಸಲ ದುಪ್ಪಟ್ಟು ಮಾಡಿದರೆ 194.18 ಹರ್ಟ್ಸ್. ಒಂದು ವರ್ಷಕ್ಕೆ 32 ಸಲ ದುಪ್ಪಟ್ಟು ಮಾಡಿದರೆ 136.10. ಈ ಪದ್ಧತಿಯಲ್ಲಿ ಮೂಲಾಧಾರಕ್ಕೆ ಭೂಮಿಯ ದಿನ (194.18), ಸ್ವಾಧಿಷ್ಠಾನಕ್ಕೆ ಚಂದ್ರ (210.42), ಮಣಿಪೂರಕ್ಕೆ ಸೂರ್ಯ (126.22), ಅನಾಹತಕ್ಕೆ ಭೂಮಿಯ ವರ್ಷ (136.10), ವಿಶುದ್ಧಿಗೆ ಬುಧ (141.27), ಆಜ್ಞಾಕ್ಕೆ ಶುಕ್ರ (221.23), ಸಹಸ್ರಾರಕ್ಕೆ ಪ್ಲೇಟೋ ವರ್ಷ ಎಂಬ ಸುಮಾರು 26 ಸಾವಿರ ವರ್ಷಗಳ ಆವರ್ತ (172.06). ಪೈಸ್ಟೆ ಕಂಪನಿಯ ಗ್ರಹ ಗಾಂಗ್‌ಗಳನ್ನು ಶ್ರುತಿ ಮಾಡುವುದು ಈ ಲೆಕ್ಕಕ್ಕೇ. ಎರಡನೆಯ ಪಟ್ಟಿ ಇನ್ನೂ ಸರಳ: ಪಾಶ್ಚಾತ್ಯ ಸ್ವರಶ್ರೇಣಿಯ ‘ಸಿ’ಯಿಂದ ‘ಬಿ’ವರೆಗಿನ ಏಳು ಸ್ವರಗಳನ್ನು ಕೆಳಗಿನ ಚಕ್ರದಿಂದ ಮೇಲಕ್ಕೆ ಜೋಡಿಸಿಬಿಡುವುದು. ಅದರಲ್ಲಿ ಅನಾಹತಕ್ಕೆ ‘ಎಫ್’ ಬರುತ್ತದೆ. ಕೂಸ್ಟೊ ಲೆಕ್ಕದ 136.1 ಇರುವುದು ‘ಸಿ ಶಾರ್ಪ್’ ಹತ್ತಿರ. ಎರಡೂ ಒಂದನ್ನೊಂದು ಒಪ್ಪುವುದಿಲ್ಲ, ಒಪ್ಪಲೂ ಬೇಕಿಲ್ಲ. ಚಕ್ರಗಳನ್ನು ವಿವರಿಸುವ 1577ರ ಸಂಸ್ಕೃತ ಗ್ರಂಥ ‘ಷಟ್ಚಕ್ರನಿರೂಪಣ’ದಲ್ಲಿ ಚಕ್ರಗಳ ದಳಗಳಿವೆ, ಬಣ್ಣ, ದೇವತೆ, ಲಂ ವಂ ರಂ ಯಂ ಹಂ ಎಂಬ ಬೀಜಾಕ್ಷರಗಳಿವೆ, ಹರ್ಟ್ಸ್ ಲೆಕ್ಕ ಇಲ್ಲ. ಹಾಗಾಗಿ ಇವೆರಡೂ ಈಚಿನವರು ಕಟ್ಟಿಕೊಂಡ ಚೌಕಟ್ಟುಗಳು. ಯಾವುದಾದರೂ ಒಂದನ್ನು ಹಿಡಿಯಿರಿ, ಅರ್ಧ ಇದು ಅರ್ಧ ಅದು ಎಂದು ಬೆರೆಸಬೇಡಿ.

ಇದಕ್ಕಿಂತ ಮುಖ್ಯವಾದ ಕಾರಣ ಗಾಂಗ್‌ನ ಸ್ವಭಾವದಲ್ಲೇ ಇದೆ. ಗಾಂಗ್ ಸಾಮಾನ್ಯವಾಗಿ ಒಂದು ಸ್ವರದ ವಾದ್ಯವಲ್ಲ. ದೊಡ್ಡ ತಟ್ಟೆಯನ್ನು ಮುಟ್ಟಿದ ಕೂಡಲೇ ಮೊದಲು ಎದ್ದುಬರುವುದು ಮಂದ್ರ ಕಂಪನ. ಹೊಡೆತಕ್ಕೆ ಬಲವಿದ್ದರೆ ಆ ಶಕ್ತಿ ಒಂದೆರಡು ಸೆಕೆಂಡಿನಲ್ಲಿ ಮೇಲಿನ ನೂರಾರು ಕಂಪನಗಳಿಗೆ ಹರಿದುಹೋಗುತ್ತದೆ. ಹೊಡೆದಾದ ಮೇಲೆ ನಾದ ಅರಳುತ್ತಾ ಹೋಗಿ ‘ಶ್ಶ್’ ಎಂಬ ಮಿನುಗು ಬರುವುದು ಇದರಿಂದಲೇ. 136.1ಕ್ಕೆ ಶ್ರುತಿ ಮಾಡಿದ ಗಾಂಗ್‌ನಲ್ಲೂ ಆ ಸ್ವರ ಸ್ಪಷ್ಟವಾಗಿ ಕೇಳುವುದು ನಡುಭಾಗದ ಹತ್ತಿರ ಮೆಲ್ಲಗೆ ತಟ್ಟಿದಾಗ ಮಾತ್ರ. ಜೋರಾಗಿ ನುಡಿಸಿದರೆ ಉಪಸ್ವರಗಳಲ್ಲಿ ಮುಳುಗಿಹೋಗುತ್ತದೆ. ನಿಮಗೆ ನಿರ್ದಿಷ್ಟ ಕಂಪನಾಂಕವೇ ಬೇಕೆಂದರೆ ಟ್ಯೂನಿಂಗ್ ಫೋರ್ಕ್ (ಶ್ರುತಿಕವೆ) ಅದನ್ನು ಹೆಚ್ಚು ನಿಖರವಾಗಿ, ಕಡಿಮೆ ಖರ್ಚಿನಲ್ಲಿ ಕೊಡುತ್ತದೆ. ಗಾಂಗ್‌ನ ಬಲ ಇರುವುದು ಅದರ ಹರವಿನಲ್ಲಿ. ಆ ಹರವಿಗಾಗಿಯೇ ಅದನ್ನು ಆರಿಸಿಕೊಳ್ಳಿ.

ಮುಂದೆಂದಾದರೂ ಎರಡನೆಯದನ್ನು ಕೊಳ್ಳುವಾಗ ಮೂಲ ಸ್ವರಗಳು ತೀರ ಹತ್ತಿರ ಬಾರದಂತೆ ನೋಡಿಕೊಳ್ಳಿ. ಚಂದ್ರ 210.42, ನೆಪ್ಚೂನ್ 211.44, ಎರಡನ್ನೂ ಒಟ್ಟಿಗೆ ನುಡಿಸಿದರೆ ಸೆಕೆಂಡಿಗೆ ಸುಮಾರು ಒಂದರಂತೆ ನಾದ ಏರಿಳಿಯುತ್ತದೆ. ಕೆಲವರಿಗೆ ಅದು ಹಿತ. ಮಲಗಿ ಕೇಳುವವರಲ್ಲಿ ಇನ್ನು ಕೆಲವರಿಗೆ ತಲೆ ತೂಗಿದಂತಾಗಿ ಎದ್ದು ಕೂರಬೇಕಾಗುತ್ತದೆ.

ಪ್ರಶ್ನೆ: ನಮ್ಮ ಕೋಣೆ 12 ಅಡಿಗೆ 14 ಅಡಿ, ಒಮ್ಮೆಗೆ ಐದಾರು ಜನ. ಯಾವ ಬಗೆಯದು, ಎಷ್ಟು ಇಂಚಿನದು ಸರಿಹೋಗುತ್ತದೆ? ಅಂಗಡಿಗೆ ಹೋಗಿ ನುಡಿಸಿ ನೋಡುವ ಅನುಕೂಲ ಇಲ್ಲ.

ಉತ್ತರ: 26ರಿಂದ 28 ಇಂಚು. 32 ಇಂಚು ಎಲ್ಲರೂ ಹೇಳುವ ಅಳತೆ, ಅದರ ಮಂದ್ರ ನಿಜಕ್ಕೂ ಸೊಗಸು. ಆದರೆ ನಿಮ್ಮ ಕೋಣೆಯಲ್ಲಿ ಅದನ್ನು ಅದರ ಬಲದ ಕಾಲು ಭಾಗಕ್ಕಿಂತ ಹೆಚ್ಚು ನುಡಿಸಲಾಗದು. 20 ಇಂಚಿಗಿಂತ ಕೆಳಗೆ ಇಳಿದರೆ ಮೈಗೆ ತಾಕುವ ಮಂದ್ರವೇ ಸಿಗುವುದಿಲ್ಲ.

ಬಗೆಗಳಲ್ಲಿ ನಿಮಗೆ ಹೊಂದುವುದು ಸಿಂಫೊನಿಕ್. ಅಂಚು ಒಳಕ್ಕೆ ಬಾಗಿರುತ್ತದೆ, ಮಂದ್ರದಿಂದ ತಾರದವರೆಗೆ ಸಮನಾಗಿ ತೆರೆದುಕೊಳ್ಳುತ್ತದೆ. ನಡುವೆ ಮತ್ತು ಅಂಚಿನಲ್ಲಿ ಕಪ್ಪಾಗಿರುವ ಚೈನೀಸ್ ಚೌ ಗಾಂಗ್ ಅಗ್ಗ, ಗಂಭೀರ, ಆದರೆ ಬೇಗ ಅಬ್ಬರಕ್ಕೆ ಏರುತ್ತದೆ. ಅಂಚು ಬಾಗಿಲ್ಲದ ಚಪ್ಪಟೆ ವಿಂಡ್ ಗಾಂಗ್ ಹಗುರ, ಸಾಗಿಸಲು ಸುಲಭ. ನಾದ ಮಾತ್ರ ಚುರುಕು, ಚಿಕ್ಕ ಕೋಣೆಯಲ್ಲಿ ಕಿವಿಗೆ ಚುಚ್ಚುತ್ತದೆ. ನಡುವೆ ಉಬ್ಬಿರುವ ಗಾಂಗ್ ಒಂದೇ ಸ್ಪಷ್ಟ ಸ್ವರ ಕೊಡುತ್ತದೆ. ಬೀಜಮಂತ್ರಕ್ಕೆ ಶ್ರುತಿ ಹಿಡಿಯಲು ಅದರಷ್ಟು ಒಳ್ಳೆಯದು ಇನ್ನೊಂದಿಲ್ಲ.

ಲೋಹದ ಬಗ್ಗೆ ಒಂದು ಮಾತು. ಒಳ್ಳೆಯ ಗಾಂಗ್ ಸಾಮಾನ್ಯವಾಗಿ ಸುಮಾರು 80 ಭಾಗ ತಾಮ್ರ, 20 ಭಾಗ ತವರದ ಕಂಚಿನದು, ಇಲ್ಲವೇ ನಿಕೆಲ್ ಸಿಲ್ವರ್‌ನದು. ನಿಕೆಲ್ ಸಿಲ್ವರ್ ಎಂದರೆ ತಾಮ್ರ, ನಿಕೆಲ್, ಸತುವಿನ ಮಿಶ್ರಣ. ಹೆಸರಿನಲ್ಲಿ ಮಾತ್ರ ಬೆಳ್ಳಿ. ‘ಏಳು ಚಕ್ರಕ್ಕೆ ಏಳು ಲೋಹ ಸೇರಿಸಿದ್ದೇವೆ’ ಎನ್ನುವ ಜಾಹೀರಾತಿಗೆ ಹೆಚ್ಚಿನ ದುಡ್ಡು ಕೊಡಬೇಡಿ. ಸೀಸ ಬೆರೆತರೆ ನಾದದ ಆಯುಷ್ಯ ಕಡಿಮೆಯಾಗುತ್ತದೆಯೇ ಹೊರತು ಹೆಚ್ಚುವುದಿಲ್ಲ.

ದೂರದಿಂದ ಕೊಳ್ಳುವಾಗ, ನಿಮಗೆ ಕಳಿಸಲಿರುವ ಅದೇ ಗಾಂಗ್‌ನ ಧ್ವನಿಮುದ್ರಣ ಕೇಳಿ ಪಡೆಯಿರಿ. ಒಂದೇ ಅಚ್ಚಿನ ಎರಡು ಗಾಂಗ್‌ಗಳೂ ಒಂದೇ ತೆರ ನುಡಿಯುವುದಿಲ್ಲ. ನಡುವಿನ ಹತ್ತಿರ ಒಂದೇ ಮೃದು ತಟ್ಟು, ಅದು ಪೂರ್ತಿ ಆರುವವರೆಗೆ. ಎಡ ಮತ್ತು ಬಲ ಅಂಚಿನ ಹತ್ತಿರ ಒಂದೊಂದು. ಕೊನೆಗೆ ನಿಧಾನವಾಗಿ ಏರುವ ಒಂದು ನಿಮಿಷ, ಇಷ್ಟು ಇರಲಿ. ಹೆಡ್‌ಫೋನ್ ಹಾಕಿಕೊಂಡೇ ಕೇಳಿ. ಫೋನಿನ ಸ್ಪೀಕರ್ ಮಂದ್ರವನ್ನು ನುಂಗಿಬಿಡುತ್ತದೆ. ನಾದ ಆರುವ ಹೊತ್ತಿಗೆ ‘ಜಿರ್’ ಎಂದು ಕೇಳಿದರೆ ಅಂಚಿನಲ್ಲಿ ಬಿರುಕಿರಬಹುದು, ಹಗ್ಗದ ರಂಧ್ರ ಹರಿದಿರಬಹುದು. ಎರಡನ್ನೂ ಹತ್ತಿರದಿಂದ ತೆಗೆದ ಫೋಟೊದಲ್ಲಿ ನೋಡಿ.

ಪ್ರಶ್ನೆ: ನನ್ನ 32 ಇಂಚಿನ ಗಾಂಗ್ ಮೊದಲ ಏಟಿಗೇ ‘ಢಣ್’ ಎಂದು ಒರಟಾಗಿ ಕೂಗುತ್ತದೆ. ಐದು ನಿಮಿಷದೊಳಗೆ ಎಲ್ಲ ಸೇರಿ ಗದ್ದಲವಾಗುತ್ತದೆ. ಬೇರೆಯವರ ಕೈಯಲ್ಲಿ ಅದೇ ಗಾಂಗ್ ಹಾಡುತ್ತದೆ. ತಪ್ಪು ಎಲ್ಲಿ? ಒಂದೇ ಗಾಂಗ್‌ನಲ್ಲಿ ಏಳು ಚಕ್ರ ಮುಟ್ಟುವುದು ಹೇಗೆ?

ಉತ್ತರ: ಮೂರು ಕಡೆ ತಪ್ಪಿರಬಹುದು.

ಮೊದಲನೆಯದು, ತಣ್ಣಗಿರುವ ಗಾಂಗ್‌ಗೆ ನೇರ ಏಟು ಕೊಡುವುದು. ನಿಶ್ಚಲವಾಗಿರುವ ತಟ್ಟೆ ಏಟಿಗೆ ತಡವಾಗಿ, ಒರಟಾಗಿ ಸ್ಪಂದಿಸುತ್ತದೆ. ನುಡಿಸುವ ಮೊದಲು ಅದನ್ನು ಎಬ್ಬಿಸಬೇಕು: ಮ್ಯಾಲೆಟ್‌ನಿಂದ (ಗಾಂಗ್ ನುಡಿಸುವ ಕೋಲು), ಇಲ್ಲವೇ ಬೆರಳ ತುದಿಯಿಂದ, ಯಾರಿಗೂ ಕೇಳಿಸದಷ್ಟು ಮೆಲ್ಲಗೆ ಐದಾರು ಸಲ ತಟ್ಟಿ. ಅಂಗೈಯನ್ನು ಅಂಚಿನಿಂದ ಒಂದಿಂಚು ದೂರ ಹಿಡಿದರೆ ಸಣ್ಣ ನಡುಕ ತಿಳಿಯುತ್ತದೆ. ಆಮೇಲೆ ಮೊದಲ ಏಟು.

ಎರಡನೆಯದು ಜಾಗ. ಜಾಗಟೆ ಬಾರಿಸಿದ ಹಾಗೆ ನಡುಮಧ್ಯಕ್ಕೆ ನೇರವಾಗಿ ಹೊಡೆದರೆ ನಾದ ಬಿಗಿದುಕೊಳ್ಳುತ್ತದೆ. ಕೇಂದ್ರದಿಂದ ಎರಡು ಮೂರು ಇಂಚು ಕೆಳಗೆ, ಮ್ಯಾಲೆಟ್ ಮೇಲ್ಮುಖವಾಗಿ ಸವರಿಕೊಂಡು ಹೋಗುವಂತೆ ತಟ್ಟಿ ತಕ್ಷಣ ಹಿಂದಕ್ಕೆ ತೆಗೆಯಿರಿ. ಮ್ಯಾಲೆಟ್ ಲೋಹದ ಮೇಲೆ ಕೂತಷ್ಟು ಹೊತ್ತು ಅದೇ ನಾದವನ್ನು ಅದುಮುತ್ತಿರುತ್ತದೆ. ನಿಮ್ಮ ಗಾಂಗ್‌ಗೆ ಒಪ್ಪುವ ಬಿಂದು ನಿಖರವಾಗಿ ಎಲ್ಲಿದೆ ಎಂಬುದನ್ನು ಒಂದು ಸಂಜೆ ಕೂತು ಹುಡುಕಿ: ಒಂದೊಂದು ಇಂಚು ಸರಿಯುತ್ತಾ ಒಂದೇ ಬಲದಲ್ಲಿ ತಟ್ಟಿ, ಪ್ರತಿ ಸಲವೂ ನಾದ ಪೂರ್ತಿ ಆರುವವರೆಗೆ ಕಾಯಿರಿ. ಈ ಕಾಯುವಿಕೆಯೇ ಅರ್ಧ ಕಲಿಕೆ.

ಮೂರನೆಯದು, ಗದ್ದಲಕ್ಕೆ ನಿಜವಾದ ಕಾರಣ: ಏಟುಗಳ ನಡುವಿನ ಅಂತರ. 32 ಇಂಚಿನ ನಾದ ಒಂದು ನಿಮಿಷಕ್ಕೂ ಮೀರಿ ಉಳಿಯುತ್ತದೆ. ಎರಡು ಸೆಕೆಂಡಿಗೊಂದು ಏಟು ಕೊಟ್ಟರೆ ಹಿಂದಿನದರ ಮೇಲೆ ಹೊಸದು ಪೇರಿಸಿಕೊಂಡು, ಶಕ್ತಿಯೆಲ್ಲ ತಾರಕ್ಕೆ ಏರಿ, ಕೊನೆಗೆ ಉಳಿಯುವುದು ಕಿರುಚಾಟ. ಎಂಟು ಹತ್ತು ಸೆಕೆಂಡಿಗೊಂದು, ಅಂದರೆ ನಿಮ್ಮ ಒಂದೂವರೆ ಎರಡು ಉಸಿರಿಗೊಂದು ಏಟಿನಿಂದ ಶುರುಮಾಡಿ. ನಾದ ಕೈಮೀರುತ್ತಿದೆ ಎನಿಸಿದರೆ ಮುಂದಿನ ಏಟನ್ನು ಬಿಟ್ಟುಬಿಡಿ. ಗಾಬರಿಯಿಂದ ಕೈಯಲ್ಲಿ ಹಿಡಿದು ನಿಲ್ಲಿಸಬೇಡಿ. ನಾದ ದಿಢೀರನೆ ನಿಂತರೆ ಕಣ್ಣು ಮುಚ್ಚಿ ಮಲಗಿದವರು ಬೆಚ್ಚಿಬೀಳುತ್ತಾರೆ.

ಮ್ಯಾಲೆಟ್ ಕೂಡ ನೋಡಿ. ಈ ಅಳತೆಗೆ ಸುಮಾರು 400ರಿಂದ 500 ಗ್ರಾಂ ತೂಕದ, ಉಣ್ಣೆ ಸುತ್ತಿದ ಮೃದು ತಲೆಯದು ಒಂದು, ಅದರ ಅರ್ಧ ತೂಕದ್ದು ಇನ್ನೊಂದು ಸಾಕು. ಜೊತೆಗೆ ರಬ್ಬರ್ ಗುಂಡಿನ ಘರ್ಷಣೆಯ ಮ್ಯಾಲೆಟ್ ಒಂದು. ಹಗುರ ಮ್ಯಾಲೆಟ್‌ನಿಂದ ಮಂದ್ರ ಎಬ್ಬಿಸಲು ಹೊರಟವರು ತಿಳಿಯದೆಯೇ ಜೋರಾಗಿ ಹೊಡೆಯುತ್ತಾರೆ. ಮೊದಲ ಏಟು ಒರಟಾಗುವುದಕ್ಕೆ ಇದೂ ಒಂದು ಕಾರಣ.

ಇನ್ನು ಏಳು ಚಕ್ರ. ಮಂದ್ರ ಕೆಳಕ್ಕೆ, ತಾರ ಮೇಲಕ್ಕೆ ಎಂಬುದು ನುಡಿಸುವವರು ರೂಢಿಸಿಕೊಂಡ ಕ್ರಮ. ಗಾಂಗ್‌ನ ಮೇಲ್ಮೈಯೂ ಅದಕ್ಕೆ ಒಗ್ಗುತ್ತದೆ. ಮೂಲಾಧಾರ, ಸ್ವಾಧಿಷ್ಠಾನಕ್ಕೆ ಭಾರದ ಮ್ಯಾಲೆಟ್, ಕೇಂದ್ರದ ಹತ್ತಿರ, ಮೆಲ್ಲಗೆ. ಮಣಿಪೂರಕ್ಕೆ ಕೇಂದ್ರ ಮತ್ತು ಅಂಚಿನ ನಡುದಾರಿಗೆ ಬನ್ನಿ, ಅಂತರ ಐದಾರು ಸೆಕೆಂಡಿಗೆ ಇಳಿಯಲಿ. ಇಡೀ ನುಡಿಸಾಣಿಕೆಯಲ್ಲಿ ಬಲ ಹೆಚ್ಚುವುದು ಇಲ್ಲಿ ಮಾತ್ರ. ಅನಾಹತಕ್ಕೆ ಬಲ ತಗ್ಗಿಸಿ, ಅದೇ ವೃತ್ತದಲ್ಲಿ ಎಡಕ್ಕೊಂದು ಬಲಕ್ಕೊಂದು. ವಿಶುದ್ಧಿ, ಆಜ್ಞಾಕ್ಕೆ ಹಗುರ ಮ್ಯಾಲೆಟ್, ಅಂಚಿನಿಂದ ನಾಲ್ಕು ಬೆರಳು ಒಳಗೆ. ಸಹಸ್ರಾರಕ್ಕೆ ರಬ್ಬರ್ ಗುಂಡನ್ನು ಮೇಲಿನಿಂದ ಕೆಳಗೆ ನಿಧಾನವಾಗಿ ಎಳೆದರೆ ತಿಮಿಂಗಿಲದ ಕೂಗಿನಂಥ ಎಳೆ ಬರುತ್ತದೆ; ಅದನ್ನು ಎರಡು ಮೂರು ಸಲಕ್ಕೆ ನಿಲ್ಲಿಸಿ ಉಳಿದ ಸಮಯವನ್ನು ಮೌನಕ್ಕೆ ಬಿಡಿ. ಚಕ್ರಕ್ಕೆ ಮೂರು ನಿಮಿಷದಂತೆ ಇಪ್ಪತ್ತೊಂದು ನಿಮಿಷ. ಪ್ರತಿ ಭಾಗದ ಶುರುವಿನಲ್ಲಿ ಚಕ್ರದ ಹೆಸರು, ಅದರ ಸ್ಥಾನ, ಇಷ್ಟನ್ನೇ ತಗ್ಗಿದ ದನಿಯಲ್ಲಿ ಹೇಳಿ. ಕೇಳುವವರ ಗಮನವನ್ನು ಮೈಯ ಆ ಜಾಗಕ್ಕೆ ಒಯ್ಯುವುದು ಆ ಮಾತು. ನಾದ ಅದನ್ನು ಅಲ್ಲಿ ನಿಲ್ಲಿಸುತ್ತದೆ.

ಪ್ರಶ್ನೆ: ಜನರನ್ನು ಎಷ್ಟು ದೂರದಲ್ಲಿ ಮಲಗಿಸಬೇಕು? ಹತ್ತಿರವಿದ್ದಷ್ಟೂ ಒಳ್ಳೆಯದೇ?

ಉತ್ತರ: ಅಲ್ಲ. ಕನಿಷ್ಠ ಎರಡು ಮೀಟರ್ ಬಿಡಿ, ಮಲಗಿದವರ ಕಾಲುಗಳು ಗಾಂಗ್ ಕಡೆಗಿರಲಿ. ಆಗ ಕಿವಿ ತಾನಾಗಿ ಇನ್ನೊಂದೂವರೆ ಮೀಟರ್ ದೂರ ಹೋಗುತ್ತದೆ. ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆ ನಿಯೋಶ್ ಹೇಳುವ ಮಿತಿ 85 ಡೆಸಿಬೆಲ್‌ಗೆ ಎಂಟು ಗಂಟೆ. ಪ್ರತಿ 3 ಡೆಸಿಬೆಲ್ ಏರಿಕೆಗೆ ಸಮಯ ಅರ್ಧ. ಅಂದರೆ 94ಕ್ಕೆ ಒಂದು ಗಂಟೆ, 100ಕ್ಕೆ ಹದಿನೈದೇ ನಿಮಿಷ. ದೊಡ್ಡ ಗಾಂಗ್ ತಾರಕ್ಕೇರಿದಾಗ ಹತ್ತಿರದಲ್ಲಿ 100 ದಾಟುವುದು ಕಷ್ಟವೇನಲ್ಲ. ಫೋನಿನ ಧ್ವನಿಮಾಪಕ ಆ್ಯಪನ್ನು ಮುಂದಿನ ಸಾಲಿನವರ ತಲೆ ಇರುವಲ್ಲಿಟ್ಟು ಒಮ್ಮೆ ನುಡಿಸಿ ನೋಡಿ. ಸರಾಸರಿ 75ರಿಂದ 80, ಏರುವಾಗಲೂ 90ರೊಳಗೆ ಇರಲಿ. ಗಾಂಗ್‌ಗೆ ಎಲ್ಲರಿಗಿಂತ ಹತ್ತಿರ ಇರುವುದು ನುಡಿಸುವವರ ಕಿವಿ ಎಂಬುದನ್ನು ಮರೆಯಬೇಡಿ. ವಾರಕ್ಕೆ ನಾಲ್ಕೈದು ಸಲ ನುಡಿಸುವವರು ಸಂಗೀತಗಾರರ ಇಯರ್‌ಪ್ಲಗ್ ಹಾಕಿಕೊಳ್ಳಲೇಬೇಕು.

ಗಾಂಗ್ ಗೋಡೆಯಿಂದ ಎರಡಡಿಯಾದರೂ ಮುಂದಿರಲಿ. ಮೂಲೆಯಲ್ಲಿಟ್ಟರೆ ಮಂದ್ರ ಊದಿಕೊಳ್ಳುತ್ತದೆ. ಬರಿ ಗೋಡೆ, ಬರಿ ನೆಲವಾದರೆ ಪರದೆ, ಜಮಖಾನೆ ಹಾಕಿ.

ಪ್ರಶ್ನೆ: ಮೂರ್ಛೆರೋಗ ಇರುವವರು, ಗರ್ಭಿಣಿಯರು ಬರಬಹುದೇ? ಕಾಯಿಲೆ ವಾಸಿಯಾಗುತ್ತದೆ ಎಂದು ಹೇಳಬಹುದೇ?

ಉತ್ತರ: ಮೂರ್ಛೆರೋಗ ಇರುವವರನ್ನು ಅವರ ವೈದ್ಯರ ಒಪ್ಪಿಗೆ ಇಲ್ಲದೆ ಸೇರಿಸಿಕೊಳ್ಳಬೇಡಿ, ಶಬ್ದದಿಂದಲೇ ಪ್ರಚೋದನೆಗೊಳ್ಳುವ ಬಗೆಯೂ ಅದರಲ್ಲಿದೆ. ಗರ್ಭಿಣಿಯರು, ಅದರಲ್ಲೂ ಮೊದಲ ಮೂರು ತಿಂಗಳಿನವರು, ತಲೆಗೆ ಈಚೆಗೆ ಪೆಟ್ಟಾದವರು, ಈಚೆಗೆ ಶಸ್ತ್ರಚಿಕಿತ್ಸೆಯಾದವರು, ಪೇಸ್‌ಮೇಕರ್ ಇರುವವರೂ ವೈದ್ಯರನ್ನು ಕೇಳಿಯೇ ಬರಲಿ. ಕಿವಿಯಲ್ಲಿ ಸದಾ ಗುಂಯ್‌ಗುಡುವ ತೊಂದರೆ, ಮೈಗ್ರೇನ್, ತೀವ್ರ ಮಾನಸಿಕ ಆಘಾತ, ಚಿತ್ತಭ್ರಮೆಯ ಹಿನ್ನೆಲೆ ಇದ್ದರೆ ಮೊದಲೇ ಏಕಾಂತದಲ್ಲಿ ಮಾತಾಡಿ ತೀರ್ಮಾನಿಸಿ. ಶ್ರವಣ ಸಾಧನ ಹಾಕಿಕೊಂಡವರು ಅದನ್ನು ತೆಗೆದಿಡಬೇಕು. ಯಾರಾದರೂ ನಡುವೆ ಎದ್ದು ಹೋಗಬೇಕೆಂದರೆ ಹೋಗಬಹುದು ಎಂದು ಶುರುವಿನಲ್ಲೇ ಹೇಳಿಬಿಡಿ, ಬಾಗಿಲ ಹತ್ತಿರ ಜಾಗ ಬಿಡಿ.

ವಾಸಿಯಾಗುತ್ತದೆ ಎಂದು ಹೇಳಕೂಡದು. 2017ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಹಾಡುಬಟ್ಟಲು, ಗಾಂಗ್‌ಗಳ ನಾದ ಧ್ಯಾನದ ನಂತರ 62 ಜನರಲ್ಲಿ ಉದ್ವೇಗ, ಸಿಟ್ಟು, ದಣಿವು ತಗ್ಗಿದ್ದು ಕಂಡುಬಂತು. ಹೋಲಿಸಿ ನೋಡಲು ಇನ್ನೊಂದು ಗುಂಪು ಅದರಲ್ಲಿ ಇರಲಿಲ್ಲ. ಮನಸ್ಸು, ಮೈ ಸಡಿಲಗೊಳ್ಳುತ್ತವೆ ಎನ್ನಿ, ಅದು ದೊಡ್ಡ ಉಪಕಾರವೇ. ಔಷಧಿ ನಿಲ್ಲಿಸುವ ಮಾತು ಯಾರ ಬಾಯಲ್ಲಿ ಬಂದರೂ ಅಲ್ಲೇ ತಡೆಯಿರಿ.

ಪ್ರಶ್ನೆ: ಗಾಂಗ್ ಮೇಲೆ ಬೆರಳ ಗುರುತು ಕಪ್ಪಾಗಿ ಉಳಿದಿದೆ. ಹಿತ್ತಾಳೆ ಪಾಲಿಶ್ ಹಾಕಿ ಉಜ್ಜಬಹುದೇ?

ಉತ್ತರ: ಬೇಡ. ಪಾಲಿಶ್‌ನಲ್ಲಿರುವ ಉಜ್ಜುಪುಡಿ ಮೇಲಿನ ಲೇಪವನ್ನು ಕಿತ್ತು, ತಯಾರಿಸುವಾಗ ಲೋಹ ಕೆರೆದು ಮೂಡಿದ ಗೆರೆಗಳನ್ನೂ ಸವೆಸುತ್ತದೆ. ಒಣ ಮೈಕ್ರೊಫೈಬರ್ ಬಟ್ಟೆಯಿಂದ ಒರೆಸಿ. ಜಿಡ್ಡಿದ್ದರೆ ಬಟ್ಟೆಯನ್ನು ತುಸು ಒದ್ದೆ ಮಾಡಿ ಒರೆಸಿ, ತಕ್ಷಣ ಒಣಗಿಸಿ. ಕಪ್ಪಾಗಿ ಕೂತ ಗುರುತು ಹೋಗುವುದಿಲ್ಲ, ನಾದಕ್ಕೆ ಅದರಿಂದ ತೊಂದರೆಯೂ ಇಲ್ಲ. ಇನ್ನು ಮುಂದೆ ಹತ್ತಿಯ ಕೈಗವಸು ಹಾಕಿಕೊಂಡು ಎತ್ತಿ.

ಅದಕ್ಕಿಂತ ಹೆಚ್ಚು ಗಮನ ಹಗ್ಗದ ಕಡೆ ಇರಲಿ. ಹತ್ತು ಕಿಲೋ ಆಸುಪಾಸಿನ ಲೋಹ ಅದರಲ್ಲಿ ತೂಗುತ್ತಿದೆ, ರಂಧ್ರದ ಅಂಚು ಪ್ರತಿ ಏಟಿಗೂ ಅದನ್ನು ಸ್ವಲ್ಪ ಸ್ವಲ್ಪ ಕುಯ್ಯುತ್ತಿದೆ. ರಂಧ್ರದಲ್ಲಿ ರಬ್ಬರ್ ಕೊಳವೆ ಇರಬೇಕು, ಒಂದೊಂದು ರಂಧ್ರಕ್ಕೂ ಬೇರೆ ಹಗ್ಗ ಇರಬೇಕು; ಒಂದು ತುಂಡಾದರೂ ಇನ್ನೊಂದು ಹಿಡಿಯುತ್ತದೆ. ತಿಂಗಳಿಗೊಮ್ಮೆ ಹಗ್ಗವನ್ನು ಅರ್ಧ ಇಂಚು ಎಳೆದು ರಂಧ್ರದಲ್ಲಿ ಕೂತ ಭಾಗ ನೋಡಿ, ನಾರು ಎದ್ದಿದ್ದರೆ ಅಂದೇ ಬದಲಿಸಿ.