ಲೈಪ್‌ಜಿಗ್‌ಗೆ ಬಂದಿರೋ ತಮ್ಮನಿಗೆ

ತಮ್ಮಾ, ನಿನ್ನ ಪ್ರಶ್ನೆ ಓದಿದೆ. ಬಂದು 3 ತಿಂಗಳಾದರೂ ಕ್ಲಾಸಿನವರು ಒಬ್ಬರೂ "ಯಾಕೋ ಮುಖ ಸಪ್ಪಗಿದೆ" ಅಂತ ಕೇಳಿಲ್ಲ, ಜರ್ಮನಿಯವರಿಗೆ ಮನಸ್ಸೇ ಇಲ್ವಾ ಅಂದಿದ್ದೀಯ. 14 ವರ್ಷದ ಹಿಂದೆ ನಾನೂ ಇದೇ ಮಾತು ಆಡಿದ್ದೆ.

ಆಗ ಇಲ್ಲಿನ ಹುಡುಗಿಯೊಬ್ಬಳ ಜೊತೆ ಫ್ಲಾಟ್ ಹಂಚಿಕೊಂಡಿದ್ದೆ. ನವೆಂಬರ್ ಕೊನೆ, ಸಂಜೆ 4 ದಾಟಿದರೆ ಕತ್ತಲು. ಪರೀಕ್ಷೆಯೊಂದು ಕೈಕೊಟ್ಟಿತ್ತು. 2 ವಾರ ರೂಮಿನ ಬಾಗಿಲು ಹಾಕ್ಕೊಂಡು ಬಿದ್ದಿದ್ದೆ. ಅವಳು ಒಂದು ದಿನವೂ ತಟ್ಟಲಿಲ್ಲ. ಕೊನೆಗೆ ಅಡುಗೆಮನೆಯಲ್ಲಿ ಎದುರು ಸಿಕ್ಕಾಗ ನಾನೇ ಸಿಡಿದೆ: "ಇದ್ದೀನೋ ಸತ್ತೀನೋ ಅಂತಾದ್ರೂ ನೋಡಬಾರದಾ?" ಕ್ಯಾರೆಟ್ ಹೆಚ್ಚುತ್ತಿದ್ದವಳು ಚಾಕು ಕೆಳಗಿಟ್ಟಳು. ಮುಖವೆಲ್ಲ ಕೆಂಪಾಗಿತ್ತು. "ಬಾಗಿಲು ಹಾಕಿತ್ತಲ್ಲ, ಒಬ್ಬಳೇ ಇರಬೇಕು ಅನ್ನಿಸಿದೆಯೇನೋ ಅಂದ್ಕೊಂಡೆ. ಕರೆದಿದ್ರೆ ಬರ್ತಿದ್ದೆ" ಅಂದಳು. ಕ್ಯಾರೆಟ್ ಅರ್ಧಕ್ಕೇ ಬಿಟ್ಟು, ಟೀ ಮಾಡಿ, ರಾತ್ರಿ 11ರವರೆಗೂ ನನ್ನೆದುರು ಕೂತಿದ್ದಳು.

ಹಾಸನದ ಮನೆಯಲ್ಲಿ ನಾನು ಒಂದು ಹೊತ್ತು ಊಟ ಬಿಟ್ಟರೆ ಅಜ್ಜಿ ತಟ್ಟೆ ಹಿಡ್ಕೊಂಡೇ ಬರೋರು. ದುಃಖ ಬಾಯಿಬಿಟ್ಟು ಹೇಳಿ ಅಭ್ಯಾಸವೇ ಇಲ್ಲ ನಮಗೆ, ಮುಖ ನೋಡಿ ತಿಳ್ಕೊಳ್ಳೋರು ಯಾವಾಗಲೂ ಇದ್ದರು. ಇಲ್ಲಿ ಕೆದಕಿ ಕೇಳದಿರೋದೇ ಮರ್ಯಾದೆ. ಆದರೆ "ವೀ ಗೇಟ್ಸ್" (ಹೇಗಿದ್ದೀಯ) ಅಂತ ಸ್ನೇಹಿತರು ಕೇಳಿದರೆ ನಿಜವಾದ ಉತ್ತರಕ್ಕೇ ಕೇಳಿರ್ತಾರೆ. "ಅಷ್ಟು ಚೆನ್ನಾಗಿಲ್ಲ" ಅಂದು ನೋಡು, ನಿಂತು ಕೇಳಿಸ್ಕೊಳ್ತಾರೆ.

ಡಾಕ್ಟರ ಹತ್ತಿರ ನಾನು ಮಾಡಿದ ತಪ್ಪು ನೀನು ಮಾಡಬೇಡ. "ತಲೆಭಾರ, ನಿದ್ದೆ ಇಲ್ಲ, ಊಟ ಸೇರಲ್ಲ" ಅಂದೆ. ರಕ್ತ ಪರೀಕ್ಷೆ ಮಾಡಿಸಿ, ಎಲ್ಲ ಸರಿಯಿದೆ ಅಂತ ಕಳಿಸಿದರು. ಊರಿನ ಡಾಕ್ಟರಾಗಿದ್ದರೆ "ಮನೇಲಿ ಏನಾದ್ರೂ ಆಯ್ತೇನಮ್ಮಾ" ಅಂದಿರೋರು. ನೀನು "ಮನಸ್ಸು ಕುಗ್ಗಿದೆ, ಅಳು ಬರುತ್ತೆ" ಅಂತ ನೇರವಾಗಿ ಹೇಳು. ಹಾಸ್ಟೆಲ್, ಮೆನ್ಸಾ (ವಿದ್ಯಾರ್ಥಿಗಳ ಕ್ಯಾಂಟೀನ್) ನಡೆಸೋ ವಿದ್ಯಾರ್ಥಿ ಸೇವಾ ಸಂಸ್ಥೆಯಲ್ಲೇ ಆಪ್ತಸಲಹೆಯೂ ಇದೆ, ದುಡ್ಡು ಕೊಡಬೇಕಿಲ್ಲ. ನಡುರಾತ್ರಿ ತಡೆಯೋಕಾಗದಿದ್ದರೆ ಟೆಲಿಫೋನ್‌ಜೇಲ್‌ಸೋರ್ಗೆ ಅನ್ನೋ ಸಹಾಯವಾಣಿಗೆ ಫೋನ್ ಮಾಡು, 0800 1110111. ಉಚಿತ, ಮಾತು ಹೆಚ್ಚಾಗಿ ಜರ್ಮನ್‌ನಲ್ಲೇ.

ಬರೀ ನಮ್ಮವರ ನಡುವೆಯೇ ಇದ್ದುಬಿಡಬೇಡ ಅಂತಲೂ ಹೇಳ್ತೀನಿ. ಬೆಲ್ಜಿಯಂನಲ್ಲಿರೋ ಟರ್ಕಿಯವರನ್ನೂ ಅಮೆರಿಕದಲ್ಲಿರೋ ಕೊರಿಯನ್ನರನ್ನೂ ನೋಡಿ ಬೆಲ್ಜಿಯಂನ ಲೂವೆನ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞರಾದ ಡೆ ಲೀರ್ಸ್‌ನೈಡರ್, ಮೆಸ್ಕೀಟಾ ಮತ್ತವರ ಜೊತೆಯವರು 2011ರಲ್ಲೇ ಬರೆದಿದ್ದರು: ಅಲ್ಲಿನವರ ಒಡನಾಟ ಹೆಚ್ಚಿದಷ್ಟೂ ವಲಸೆ ಬಂದವರ ಭಾವನೆಗಳ ರೀತಿಯೂ ಅಲ್ಲಿನವರದ್ದಕ್ಕೆ ಹತ್ತಿರವಾಗುತ್ತೆ. ನನಗೂ ಹಾಗೇ ಆಗಿದೆ. ಅದರಿಂದ ನಾನೇನೂ ಅಜ್ಜಿಯ ಮೊಮ್ಮಗಳಲ್ಲದೆ ಹೋಗಲಿಲ್ಲ.

ಅಮ್ಮನಿಗೆ ಫೋನಲ್ಲಿ "ಚೆನ್ನಾಗಿದ್ದೀನಿ" ಅಂದು, ಇಟ್ಟ ಮೇಲೆ ಅಳ್ತೀನಿ ಅಂದ್ಯಲ್ಲ. ಅವರು "ಊಟಕ್ಕೆ ಏನ್ ಮಾಡ್ಕೊಂಡೆ" ಅಂತ ಕೇಳಿದಾಗ, ಬರೀ ಬ್ರೆಡ್ ತಿಂದಿದ್ದರೆ ಬ್ರೆಡ್ ಅಂತಲೇ ಹೇಳು. ಮಿಕ್ಕಿದ್ದು ಅವರಿಗೆ ತಿಳಿಯುತ್ತೆ.

ನಾನಿರೋದು ಹಾಲೆಯಲ್ಲಿ, ನಿನ್ನಲ್ಲಿಂದ ರೈಲಲ್ಲಿ ಅರ್ಧ ಗಂಟೆ ಚಿಲ್ಲರೆ. ಭಾನುವಾರ ಬರ್ತೀನಿ ಅಂತ ಒಂದು ಮಾತು ಹೇಳು, ಸಾರು ಮಾಡಿಟ್ಟಿರ್ತೀನಿ.