ಫೈನ್ ಅಂದರೆ ಚೆನ್ನಾಗಿದೆ ಅಂತಲೇ?

ಇಂಗ್ಲೆಂಡಿನ ಲೀಡ್ಸ್‌ಗೆ ಬಂದು ಎರಡು ತಿಂಗಳಾಯಿತು, ಮ್ಯಾನೇಜರ್ ನಿಮ್ಮ ರಿಪೋರ್ಟ್ ನೋಡಿ "ಇಟ್ಸ್ ಫೈನ್" ಅಂದರು, ಮೆಚ್ಚಿದರೋ ಇಲ್ಲವೋ ತಿಳಿಯಲಿಲ್ಲ ಎಂದು ಕೇಳಿದ್ದೀರಿ. ಜೊತೆಗೆ ಚಳಿಗೆ ಕೋಟು, ಬಾಡಿಗೆ ಮನೆ ಬಗ್ಗೆಯೂ ಕೇಳಿದ್ದೀರಿ. ಕೋಟು ಇಲ್ಲೇ ಕೊಳ್ಳಿ, ಮಳೆಯನ್ನೂ ತಡೆಯುವಂಥದ್ದಿರಲಿ. ಬಾಡಿಗೆ ಕರಾರು ಪೂರ್ತಿ ಓದದೆ ಸಹಿ ಹಾಕಬೇಡಿ. ಇನ್ನು ಫೈನ್. ಬಂದ ಹೊಸದರಲ್ಲಿ ನನಗೂ ಅದಕ್ಕೆ "ಚೆನ್ನಾಗಿದೆ" ಎಂಬ ಒಂದೇ ಅರ್ಥ ಗೊತ್ತಿತ್ತು.

ಪದ ಎಲ್ಲಿ ಕೂತಿದೆ ನೋಡಿ. ನಾಮಪದಕ್ಕೆ ಮೊದಲು ಬಂದು "ಎ ಫೈನ್ ಪೀಸ್ ಆಫ್ ವರ್ಕ್" ಅಂದರೆ ಅದು ತುಂಬು ಹೊಗಳಿಕೆ. "ಈಸ್" ಆದಮೇಲೆ ಒಂಟಿಯಾಗಿ ಬಂದರೆ ಸಾಕು, ನಡೆಯುತ್ತೆ, ತಕರಾರಿಲ್ಲ ಎಂದಷ್ಟೇ. ನಿಮ್ಮ ರಿಪೋರ್ಟ್ ಪಾಸಾಗಿದೆ, ಬೇಸರ ಬೇಡ. ಮನಸಾರೆ ಮೆಚ್ಚಿದ್ದರೆ "ರಿಯಲಿ ಗುಡ್" ಎಂದೋ "ಗ್ರೇಟ್" ಎಂದೋ ಹೇಳುತ್ತಿದ್ದರು. ಇದೇ ಕಾರಣಕ್ಕೆ, ಊಟಕ್ಕೆ ಕರೆದವರ ಅಡುಗೆಯನ್ನು ಫೈನ್ ಅನ್ನಬೇಡಿ, ಅವರಿಗೆ ಮನಸ್ಸು ಸಣ್ಣದಾಗುತ್ತದೆ. "ಲವ್ಲಿ" ಅನ್ನಿ.

"ತುಂಬಾ ಚೆನ್ನಾಗಿದ್ದೀನಿ" ಅನ್ನುವ ಅಭ್ಯಾಸದಲ್ಲಿ ನಾವು "ಐ ಆಮ್ ವೆರಿ ಫೈನ್" ಅಂತೀವಿ. ಇಲ್ಲಿನವರ ಕಿವಿಗೆ ಅದು ಒಗ್ಗುವುದಿಲ್ಲ, ಸಾಕು ಎನ್ನುವ ಅರ್ಥಕ್ಕೆ "ತುಂಬಾ" ಅಂಟುವುದಿಲ್ಲವಲ್ಲ. "ಆಬ್ಸಲ್ಯೂಟ್ಲಿ ಫೈನ್", "ಜಸ್ಟ್ ಫೈನ್" ಸರಿಹೋಗುತ್ತವೆ.

ಟೀ ಬೇಕಾ ಎಂದು ಕೇಳಿದಾಗ "ಐ ಆಮ್ ಫೈನ್" ಅಂದರೆ ಬೇಡ ಎಂದರ್ಥ. ನಮ್ಮಲ್ಲಿ ಮೊದಲ "ಬೇಡ" ಬರೀ ಮರ್ಯಾದೆಯ ಮಾತು, ಮನೆಯವರು ಮತ್ತೆ ಮತ್ತೆ ಕೇಳಿ ಲೋಟ ಕೈಗಿಟ್ಟೇಬಿಡುತ್ತಾರೆ. ಇಲ್ಲಿ ಸಾಮಾನ್ಯವಾಗಿ ಕೇಳುವುದು ಒಂದೇ ಸಲ. ಬೇಕಿದ್ದರೆ ಆಗಲೇ "ಯೆಸ್ ಪ್ಲೀಸ್" ಅನ್ನಿ.

ಎಲ್ಲಕ್ಕಿಂತ ಮುಖ್ಯವಾದದ್ದು ಡಾಕ್ಟರ ಕೋಣೆ. ಇದನ್ನು ನಾನು ತಡವಾಗಿ ಕಲಿತೆ, ಆ ಬೇಜಾರು ಇನ್ನೂ ಹೋಗಿಲ್ಲ. ಒಳಗೆ ಕಾಲಿಡುತ್ತಿದ್ದಂತೆ "ಹೌ ಆರ್ ಯು?" ಅಂತಾರೆ, ಬಾಯಿ ತಾನಾಗಿ "ಫೈನ್" ಅಂದುಬಿಡುತ್ತದೆ. ಆಮೇಲೆ ಸಂಕೋಚ, ಡಾಕ್ಟರ ಮುಂದೆ ಜಾಸ್ತಿ ಮಾತಾಡಬಾರದೆಂಬ ನಮ್ಮ ಮರ್ಯಾದೆ ಬೇರೆ. ಜಿಪಿ, ಅಂದರೆ ಇಲ್ಲಿ ನಾವು ಮೊದಲು ಹೋಗುವ ಸಾಮಾನ್ಯ ಡಾಕ್ಟರ ಹತ್ತಿರ ಸಿಗುವುದು ಹೆಚ್ಚಾಗಿ 10 ನಿಮಿಷ. ನೋವನ್ನು ಕೊನೆಗೆ, ಬಾಗಿಲ ಹಿಡಿಕೆ ಹಿಡಿದುಕೊಂಡು ಹೇಳಿದರೆ ಹೊತ್ತು ಮೀರಿರುತ್ತದೆ. ಆದ್ದರಿಂದ ಮೊದಲ ವಾಕ್ಯವನ್ನು ಮನೆಯಲ್ಲೇ ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ: "ನಾಟ್ ವೆಲ್. ಐ ಹ್ಯಾವ್ ಹ್ಯಾಡ್ ಪೇನ್ ಹಿಯರ್ ಫಾರ್ ಥ್ರೀ ವೀಕ್ಸ್." ಎಲ್ಲಿ, ಎಷ್ಟು ದಿನದಿಂದ, 10ಕ್ಕೆ ಎಷ್ಟು ನೋವು, ಯಾವ ಕೆಲಸ ಮಾಡಲಾಗುತ್ತಿಲ್ಲ, ಈ ನಾಲ್ಕೂ ಇರಲಿ. "ಮೆಟ್ಟಿಲು ಹತ್ತಲಾಗುತ್ತಿಲ್ಲ", "ರಾತ್ರಿ ನೋವಿಗೆ ಎಚ್ಚರವಾಗುತ್ತದೆ" ಎಂಬಂಥ ಮಾತು ಡಾಕ್ಟರಿಗೆ ಕೂಡಲೇ ಮುಟ್ಟುತ್ತದೆ. ಇಂಗ್ಲಿಷ್ ತಡವರಿಸುವವರಿದ್ದರೆ ಅಪಾಯಿಂಟ್‌ಮೆಂಟ್ ಮಾಡುವಾಗಲೇ ಕನ್ನಡ ದುಭಾಷಿ ಬೇಕೆಂದು ಕೇಳಿ, ಅದಕ್ಕೆ ಹಣ ಕೊಡಬೇಕಿಲ್ಲ. ಮಾತ್ರೆ ಕೊಟ್ಟು "ಇಸ್ ದಟ್ ಫೈನ್?" ಎಂದು ಕೇಳಿದರೆ ಅದು ನಿಮ್ಮ ಒಪ್ಪಿಗೆ ಕೇಳುವ ಪ್ರಶ್ನೆ. ಅರ್ಥವಾಗದಿದ್ದರೆ ತಲೆ ಆಡಿಸಬೇಡಿ, "ಕುಡ್ ಯು ಎಕ್ಸ್‌ಪ್ಲೇನ್ ಅಗೇನ್?" ಅನ್ನಿ.

ದಂಡಕ್ಕೂ ಫೈನ್ ಅಂತಾರೆ, ಅದು ನಿಮಗೆ ಊರಲ್ಲೇ ಗೊತ್ತು. ಎರಡರ ಬೇರೂ "ಕೊನೆ" ಎಂಬ ಅರ್ಥದ ಒಂದೇ ಲ್ಯಾಟಿನ್ ಪದ. ಕೊನೆಮುಟ್ಟಿಸಿದ್ದು, ಕುಂದಿಲ್ಲದ್ದು ಒಂದು ಕಡೆ. ದುಡ್ಡು ಕೊಟ್ಟು ವ್ಯಾಜ್ಯ ಮುಗಿಸುವುದು ಇನ್ನೊಂದು ಕಡೆ.

ಅಂಗಡಿಯಲ್ಲಿ ಇನ್ನೊಂದು ಅರ್ಥ ಎದುರಾಗುತ್ತದೆ: ನುಣ್ಣಗಿನದು. ಪ್ಯಾಕೆಟ್ ಮೇಲೆ "ಫೈನ್ ಸೆಮೊಲಿನಾ" ಎಂದಿದ್ದರೆ ಅದು ಹೆಚ್ಚುಕಡಿಮೆ ನಮ್ಮ ಚಿರೋಟಿ ರವೆ. ಹೋಳಿಗೆ ಕಣಕಕ್ಕೆ ಒಳ್ಳೆಯದು, ಉಪ್ಪಿಟ್ಟಿಗೆ ಹಾಕಿದರೆ ಅಂಟಂಟಾಗಿ ಮುದ್ದೆಯಾಗುತ್ತದೆ. ಉಪ್ಪಿಟ್ಟಿಗೆ "ಕೋರ್ಸ್" ಎಂದು ಬರೆದದ್ದನ್ನೇ ತನ್ನಿ, ಬಾಣಲೆಯಲ್ಲಿ ಘಮ ಬರುವವರೆಗೆ ಹುರಿದು, ಒಂದು ಲೋಟಕ್ಕೆ ಎರಡೂವರೆ ಲೋಟ ನೀರಿಡಿ.