ಗೆಳತಿಯ ಕಥೆಯಲ್ಲಿ ನನ್ನದೇ ಉಂಗುರ

ಪ್ರಶ್ನೆ: ನನ್ನ ಆಪ್ತ ಗೆಳತಿ ಕಥೆ ಬರೆಯುತ್ತಾಳೆ. ಅವಳ ಹೊಸ ಕಥೆಯಲ್ಲಿ ಸ್ನೇಹಿತರ ದುಡ್ಡು ನುಂಗುವ ಹೆಂಗಸೊಬ್ಬಳಿದ್ದಾಳೆ. ಮಾತು ತೊದಲಿದಾಗಲೆಲ್ಲ ಬೆರಳಿನ ಉಂಗುರ ತಿರುಗಿಸುತ್ತಾಳೆ. ಆ ತೊದಲು, ಆ ಅಭ್ಯಾಸ ಎರಡೂ ನನ್ನವು. ಓದಿದವರು "ಇದು ನೀನೇ ಅಲ್ವಾ?" ಎನ್ನುತ್ತಿದ್ದಾರೆ. ಅವಳನ್ನು ಕೇಳಿದರೆ "ಸುಮ್ನೆ ಕಲ್ಪನೆ" ಎನ್ನುತ್ತಾಳೆ. ಕಥೆ ಸದ್ಯದಲ್ಲೇ ಪುಸ್ತಕವಾಗಿ ಬರಲಿದೆ. ಸ್ನೇಹ ಬಿಟ್ಟುಬಿಡಲೇ?

ಉತ್ತರ: ಈಗಲೇ ಬಿಡಬೇಡಿ. ಆದರೆ ಸುಮ್ಮನೂ ಇರಬೇಡಿ. ನಂಬಿ ಎದುರು ಕೂತಾಗ ಕಂಡದ್ದನ್ನು ಅವಳು ಎಲ್ಲರ ಮುಂದಿಟ್ಟಿದ್ದಾಳೆ. ನೋವಾಗದೇ ಇರುತ್ತದೆಯೇ?

ಜೇನ್ ಸೀಮೋರ್ ಹಿಲ್ ಎಂಬಾಕೆ ಇಂಗ್ಲಿಷ್ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್‌ರ ನೆರೆಯವರು. ತೀರಾ ಕುಳ್ಳಗಿದ್ದರು. ಜನರ ಉಗುರು, ಪಾದಗಳ ಆರೈಕೆ ಅವರ ಕಸುಬು. 1849ರ ಕೊನೆಯಲ್ಲಿ ಡಿಕನ್ಸ್‌ರ ಕಾದಂಬರಿ 'ಡೇವಿಡ್ ಕಾಪರ್‌ಫೀಲ್ಡ್' ತಿಂಗಳಿಗೊಂದು ಕಂತಿನಂತೆ ಬರುತ್ತಿತ್ತು. ಅದರಲ್ಲಿ ಮಿಸ್ ಮೌಚರ್ ಎಂಬ ಕುಳ್ಳ ಹೆಂಗಸು ಬಂದಳು. ಅದೇ ಮೈಕಟ್ಟು, ಹೆಚ್ಚುಕಡಿಮೆ ಅದೇ ಕಸುಬು. ಗುಣ ಮಾತ್ರ ನಂಬುವಂಥದ್ದಲ್ಲ. ಜೇನ್ ನೊಂದು ನೇರ ಡಿಕನ್ಸ್‌ಗೇ ಪತ್ರ ಬರೆದರು. ಪಾತ್ರದ ಬಹುಭಾಗ ಬೇರೆಯವರದು, ಸ್ವಲ್ಪ ಮಾತ್ರ ನಿಮ್ಮದು ಎಂದು ಡಿಕನ್ಸ್ ಒಪ್ಪಿಕೊಂಡರು, ವಿಷಾದಿಸಿದರು. ಮುಂದಿನ ಕಂತೊಂದರಲ್ಲಿ ಮೌಚರ್ ಒಳ್ಳೆಯವಳಾಗಿಯೇ ಮರಳಿ ಬಂದಳು. ಅಷ್ಟು ದೊಡ್ಡ ಲೇಖಕ ಕಥೆಯ ದಾರಿಯನ್ನೇ ತಿರುಗಿಸಿದ್ದು ಒಂದು ಪತ್ರಕ್ಕೆ!

ನುಂಗಿಕೊಂಡರೆ ನೋವು ಜಾಸ್ತಿ ದಿನ ಉಳಿಯುತ್ತದೆ. ವಿನ್ನಿ ದ ಪೂ ಎಂಬ ಕರಡಿಯ ಮಕ್ಕಳ ಕಥೆಗಳಲ್ಲಿ ಬರುವ ಹುಡುಗ ಕ್ರಿಸ್ಟೋಫರ್ ರಾಬಿನ್, ಲೇಖಕ ಎ. ಎ. ಮಿಲ್ನ್ ಅವರ ಸ್ವಂತ ಮಗ. ಶಾಲೆಯಲ್ಲಿ ಹುಡುಗರು ಅವನ ಹೆಸರಿದ್ದ ಪದ್ಯದ ರೆಕಾರ್ಡನ್ನು ಮತ್ತೆ ಮತ್ತೆ ಹಾಕಿ ಗೇಲಿ ಮಾಡುತ್ತಿದ್ದರು. ಕೊನೆಗೆ ಅದು ಕೈಗೆ ಸಿಕ್ಕಾಗ ಅವನು ಚೂರುಚೂರು ಮಾಡಿ ದೂರದ ಬಯಲಲ್ಲಿ ಎಸೆದುಬಂದ. ಆ ಸಂಕಟವನ್ನೆಲ್ಲ ಬರೆದು ಹಗುರಾಗಿದ್ದು 1974ರಲ್ಲಿ. ಆಗ ಐವತ್ತು ದಾಟಿತ್ತು.

ಹಾಗಾಗಿ ಗೆಳತಿಗೆ ಪತ್ರ ಬರೆಯಿರಿ. "ಅದು ನಾನಾ?" ಎಂದು ಮತ್ತೆ ಕೇಳಬೇಡಿ. ಕಲ್ಪನೆ ಎಂಬ ಅವಳ ಮಾತು ಪೂರ್ತಿ ಸುಳ್ಳೂ ಅಲ್ಲ. ಆ ದುರಾಸೆ ನಿಮ್ಮದಲ್ಲವಲ್ಲ! ನನ್ನ ತೊದಲು, ನನ್ನ ಉಂಗುರ ಆ ಹೆಂಗಸಿಗೆ ಬೇಡ ಎಂದಷ್ಟೇ ಹೇಳಿ. ಉಳಿದ ಕಥೆ ಅವಳದು. ಇಷ್ಟು ಬಿಡಿಸಿ ಹೇಳಿದ ಮೇಲೂ ಬದಲಿಸದಿದ್ದರೆ ದೂರ ಸರಿಯಿರಿ, ತಪ್ಪಿಲ್ಲ.

ಪುಸ್ತಕ ಅಚ್ಚಿಗೆ ಹೋಗುವ ಮೊದಲೇ ಪತ್ರ ಅವಳ ಕೈಸೇರಲಿ. ಈ ವಾರವೇ ಬರೆಯಿರಿ.